ಲಾಭ

ಮಾರ್ಚ್ ಮೂವತ್ತೊಂದು. ಕೂಡಿಗೆಯ ಕಾಫಿ ಗೋದಾಮು.
ಹೂಮಳೆ ಇನ್ನೂ ಬಂದಿಲ್ಲವೆಂದು
ಆಕಾಶದ ಮೇಲೆ ದೂರು ಹೇಳುತ್ತಲೇ
ರೈಟರ್ ಬೆಳ್ಯಪ್ಪ ಬೀಗ ತೆಗೆದರು.
ಒಳಗಿನ ಕತ್ತಲು ಕಣ್ಣಿಗಿಂತ ಮೊದಲು ಮೂಗಿಗೆ ಸಿಕ್ಕಿತು:
ಗೋಣಿ, ಒಣಗಿದ ಚೆರಿ, ಎಲ್ಲೋ ಒಂದು ಸತ್ತ ಇಲಿ.

ನನ್ನ ಕೊರಳಲ್ಲಿ ನೀಲಿ ಪಟ್ಟಿ. ಪಟ್ಟಿಯ ತುದಿಯಲ್ಲಿ
ನಗದೆ ತೂಗುವ ನಾನು. ಸಂಸ್ಥೆಯ ಹೆಸರು
ನನ್ನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ.
ಇಂಟರ್ನ್, ಎರಡು ತಿಂಗಳ ಮಟ್ಟಿಗೆ.
ಮೊದಲ ವಾರ, ಹದಿನಾಲ್ಕನೇ ಮಹಡಿಯಲ್ಲಿ,
ಸಂಶಯ ಪಡುವುದನ್ನು ಕಲಿಸಿದ್ದರು.
ವೃತ್ತಿಪರ ಸಂಶಯ: ಎಂಟು ವಿಡಿಯೊ, ಕೊನೆಗೊಂದು ಪರೀಕ್ಷೆ.
ತೊಂಬತ್ತು ಬಂತು ಅಂದಾಗ ಅಮ್ಮ
"ಅದಕ್ಕೂ ಮಾರ್ಕ್ಸಾ?" ಅಂದಿದ್ದಳು.
ಇಲ್ಲಿಗೆ ಕಳಿಸಿದ್ದು ಲೆಕ್ಕ ಬರುತ್ತದೆಂದಲ್ಲ,
ಭಾಷೆ ಬರುತ್ತದೆಂದು,
ಒಳ್ಳೆ ಊಟದ ಹೋಟೆಲು ಗೊತ್ತಿರುತ್ತದೆಂದು.

ಸೀನಿಯರ್ ದೇಬೊಜಿತ್ ಕೋಲ್ಕತ್ತದವನು. ಕೆಟ್ಟವನಲ್ಲ.
ಬಸ್ಸಿನುದ್ದಕ್ಕೂ ಫೋನು ನೋಡಿ ನೋಡಿ
ಕನ್ನಡದಲ್ಲಿ ನೂರರವರೆಗೆ ಬಾಯಿಪಾಠ ಮಾಡಿದ್ದ,
ಐವತ್ತೊಂಬತ್ತು ಬಂದಾಗಲೆಲ್ಲ ನೀರು ಕುಡಿಯುತ್ತಿದ್ದ.

ಇಪ್ಪತ್ತಮೂರು ಅಟ್ಟಿ. ಅಟ್ಟಿಯ ಮೇಲೆ ಜವರಪ್ಪ,
ಪಿರಿಯಾಪಟ್ಟಣದ ಹಮಾಲಿ, ಕೋಲಿನಲ್ಲಿ
ಮೂಟೆ ಮೂಟೆಯ ಹೊಟ್ಟೆ ತಟ್ಟಿ ಎಣಿಸಿದ.
ಆ ಕಡೆ ದೇಬೊಜಿತ್, ಈ ಕಡೆ ನಾನು,
ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ.
ಕೇಳಿದ ಸಂಖ್ಯೆಗೊಂದು ಗೀಟು.
ಬಾಯಲ್ಲಿ ಹೇಳಿದ ಮೊತ್ತ ಸಾಕ್ಷ್ಯವಲ್ಲ,
ಗೀಟು ಸಾಕ್ಷ್ಯ.

ನಾಲ್ಕು ಗಂಟೆಗೆ ಕೂಡಿದೆವು.
ಅವನದು ಸಾವಿರದ ಮುನ್ನೂರ ಹನ್ನೆರಡು.
ನನ್ನದು ಸಾವಿರದ ಮುನ್ನೂರ ಮೂವತ್ತೈದು.
ಪುಸ್ತಕದಲ್ಲಿದ್ದದ್ದೂ ನನ್ನದೇ.
ಅದೇ ನನ್ನ ತಪ್ಪಾಯಿತು.
"ಪುಸ್ತಕ ಮೊದಲೇ ನೋಡಿದ್ದೆಯಾ?" ಅಂದ.
ಆಮೇಲೆ, ಮೆಲ್ಲಗೆ, "ನೀನು ಇಲ್ಲಿಯವಳಲ್ಲವಾ?"
ಎಂಟು ವಿಡಿಯೊಗಳೂ ಒಟ್ಟಿಗೆ ತಿರುಗಿ
ನನ್ನ ಮುಖ ನೋಡಿದವು.
ಬೆಳ್ಯಪ್ಪನವರ ಕನ್ನಡಕದ ಹಿಂದೆ ಬೆವರು:
ಇಪ್ಪತ್ತಮೂರು ಮೂಟೆ ಅಂದರೆ ಅವರ ಎಷ್ಟು ತಿಂಗಳ ಸಂಬಳವೋ,
ಅವರು ಎಣಿಸಿದರು, ನಾನು ಎಣಿಸಲಿಲ್ಲ.

"ಮತ್ತೊಮ್ಮೆ ಎಣಿಸೋಣ."
"ಬೇಗ ಆಗಲಿ, ಆರಾದರೆ ಆನೆ ಇಳಿಯುತ್ತವೆ."

ಜವರಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿ
ಮೊದಲ ಅಟ್ಟಿ ಹತ್ತಿದ. ಕೋಲು ತಟ್ಟಿತು.
"ಲಾಭ."
ನನ್ನ ಪೆನ್ನು ಗೀಟು ಹಾಕಿತು.
ದೇಬೊಜಿತನದು ಗಾಳಿಯಲ್ಲೇ ನಿಂತಿತ್ತು,
'ಒಂದು' ಬರಲಿ ಎಂದು ಕಾಯುತ್ತ.

ಚೇರಂಬಾಣೆಯಲ್ಲಿ ಅಜ್ಜಿ ಬಟ್ಟಿ ತುಂಬಿ ಭತ್ತ ಅಳೆಯುವಾಗ
ಮೊದಲ ಬಟ್ಟಿ ಯಾವತ್ತೂ ಒಂದಾಗಿರಲಿಲ್ಲ.
ನನಗದು ಗೊತ್ತಿದೆ ಎಂಬುದೇ
ನನಗೆ ಗೊತ್ತಿರಲಿಲ್ಲ.
ಕೈಗೆ ಗೊತ್ತಿತ್ತು.

"ಒಂದು ಅಂತ ಶುರು ಮಾಡಿದ್ರೆ
ಒಂದರಲ್ಲೇ ನಿಂತ್ಕತದೆ ಕಣವ್ವ," ಜವರಪ್ಪ ಮೇಲಿನಿಂದ.
"ನೀವು ಬೇಕಾದ್ರೆ ಒಂದು ಅಂತ ಬರ್ಕಳಿ,
ನನ್ನ ಬಾಯಲ್ಲಿ ಬರಾಕಿಲ್ಲ."
ದಿನವಿಡೀ ಲಾಭ ಲಾಭ ಎನ್ನುವವನ ಅಂಗಿಗೆ
ಉಳಿದಿದ್ದ ಗುಂಡಿ ಎರಡು.

ಕಾರಣ ತಿಳಿದು ದೇಬೊಜಿತ್ ನಗುನಗುತ್ತ
ಮೂಟೆಗೆ ಒರಗಿ ಕೂತುಬಿಟ್ಟ, ಬಿಳಿ ಅಂಗಿ ಧೂಳಾಗಿ.
ಕ್ಷಮಿಸು ಅಂದ. ಬೆಳ್ಯಪ್ಪನವರಿಗೆ ಅನ್ನಲಿಲ್ಲ.
ಅದು ನಮೂನೆಯಲ್ಲಿ ಇರಲಿಲ್ಲ.

ರಾತ್ರಿ ಕುಶಾಲನಗರದ ಲಾಡ್ಜಿನಲ್ಲಿ
ವ್ಯತ್ಯಾಸದ ಕಾರಣ ಟೈಪು ಮಾಡಿದೆ.
ಆ ಚೌಕಕ್ಕೆ ನೂರೇ ಅಕ್ಷರ.
'ಪ್ರತಿ ಅಟ್ಟಿಯ ಮೊದಲ ಮೂಟೆಯನ್ನು ಲಾಭ ಎಂದು ಎಣಿಸಲಾಗಿದೆ.'
ಅಜ್ಜಿಗೆ ಜಾಗ ಸಾಲಲಿಲ್ಲ.

ಬೆಳಿಗ್ಗೆ ಮ್ಯಾನೇಜರ್ ಮೇಡಂ ಕೆಂಪಕ್ಷರದಲ್ಲಿ ಕೇಳಿದ್ದರು:
'ಇದು ದಾಸ್ತಾನಿನ ಹಾಳೆ. ಲಾಭ ಇಲ್ಲಿ ಹೇಗೆ ಬಂತು?
ಆಧಾರ ಲಗತ್ತಿಸಿ.'

ಏಪ್ರಿಲ್ ಮುಗಿಯಿತು. ಪಟ್ಟಿ ಮರಳಿಸಿದೆ, ಲ್ಯಾಪ್‌ಟಾಪ್ ಮರಳಿಸಿದೆ,
ಪ್ರಮಾಣಪತ್ರ ಬಂತು, ಹೆಸರಿನಲ್ಲೊಂದು ಕಾಗುಣಿತ ತಪ್ಪು.
ಆ ಪ್ರಶ್ನೆ ಮಾತ್ರ, ದೇಬೊಜಿತ್ ಹೇಳುತ್ತಾನೆ,
ಇನ್ನೂ ಬಾಕಿ ತೋರಿಸುತ್ತಿದೆಯಂತೆ.